ವೆಬ್ ಡಿಸೈನರ್ ಮೇಜು: ಬಳ್ಳಾರಿ, ರಾಯಚೂರು, ಕೊಪ್ಪಳದ ಕರೆಂಟು, ಬಿಸಿಲು, ಧೂಳಿಗೆ ತಕ್ಕಂತೆ ಸಜ್ಜು ಮಾಡುವುದು

ವೆಬ್ ಡಿಸೈನ್ ಕಲಿಸುವ ವಿಡಿಯೊಗಳಲ್ಲಿ ಸಾಮಾನಿನ ಪಟ್ಟಿ ಪ್ರೊಸೆಸರಿನಿಂದ ಶುರುವಾಗುತ್ತದೆ. ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಕೂತು ಕೆಲಸ ಮಾಡುವವರು ಗೋಡೆಯ ಸಾಕೆಟ್ಟಿನಿಂದ ಶುರು ಮಾಡಬೇಕು. ನಮ್ಮ ಕಡೆ ಕಂಪ್ಯೂಟರು ಹಳತಾಗುವ ಮೊದಲೇ ಕೆಡುತ್ತದೆ. ಏರಿಳಿಯುವ ವೋಲ್ಟೇಜು, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು, ಒಂದೊಂದು ಊರಿಗೆ ಒಂದೊಂದು ಬಗೆಯ ಧೂಳು ಮೂರೂ ಸೇರಿ ಅದರ ಆಯುಷ್ಯ ತಿನ್ನುತ್ತವೆ. ಇನ್ನು, ಇಲ್ಲಿ ತಯಾರಾದ ವೆಬ್‌ಸೈಟನ್ನು ಜನ ನೋಡುವುದು ಬಹುಮಟ್ಟಿಗೆ ಕಡಿಮೆ ಬೆಲೆಯ ಆಂಡ್ರಾಯ್ಡ್ ಫೋನಿನಲ್ಲಿ, ಓದುವುದು ಕನ್ನಡದಲ್ಲಿ. ದುಡ್ಡನ್ನು ಎಲ್ಲಿ ಹಾಕಬೇಕು, ಎಲ್ಲಿ ಹಿಡಿಯಬೇಕು ಎನ್ನುವುದನ್ನು ಈ ಎರಡು ಸಂಗತಿಗಳೇ ತೀರ್ಮಾನಿಸುತ್ತವೆ.

ಮೊದಲು ಸಾಕೆಟ್ ಅಳೆಯಿರಿ

ಕಂಪ್ಯೂಟರ್ ಕೊಳ್ಳುವ ಮೊದಲು ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಕೊಳ್ಳಿ. ಅದರ ಗುಂಡಿಯನ್ನು ಎಸಿ 750 ವೋಲ್ಟಿಗೆ ತಿರುಗಿಸಿ. ಮೂರು ಪಿನ್ನಿನ ಸಾಕೆಟ್ಟಿನ ಮೇಲಿನ ದೊಡ್ಡ ತೂತು ಅರ್ಥ್. ಎದುರು ನಿಂತಾಗ ನಿಮ್ಮ ಬಲಗಡೆಯದು ಫೇಸ್, ಎಡಗಡೆಯದು ನ್ಯೂಟ್ರಲ್. ಫೇಸ್ ಮತ್ತು ನ್ಯೂಟ್ರಲ್ ನಡುವೆ 230ರ ಆಸುಪಾಸು ಬರಬೇಕು. ಫೇಸ್ ಮತ್ತು ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಇರಬೇಕು. ನ್ಯೂಟ್ರಲ್ ಮತ್ತು ಅರ್ಥ್ ನಡುವೆ 2–3 ವೋಲ್ಟಿನೊಳಗೆ ಇದ್ದರೆ ಸರಿ. ಮೀಟರ್ ಹಿಡಿದು ರೂಢಿ ಇಲ್ಲದವರು ವೈರ್‌ಮನ್ ಪಕ್ಕದಲ್ಲಿರುವಾಗಲೇ ಇದನ್ನು ಮಾಡಿ.

ಫೇಸ್ ಮತ್ತು ಅರ್ಥ್ ನಡುವೆ ಏನೂ ಬಾರದಿದ್ದರೆ ಅಥವಾ ಅಂಕಿ ಕುಣಿಯುತ್ತಿದ್ದರೆ ಅರ್ಥಿಂಗ್ ಇಲ್ಲ, ಇಲ್ಲವೇ ವೈರಿಂಗ್ ತಪ್ಪಿದೆ ಎಂದರ್ಥ. ಕ್ಯಾಬಿನೆಟ್ ಮುಟ್ಟಿದಾಗ ಬೆರಳು ಜುಮ್ಮೆನ್ನುವುದು ಸಾಮಾನ್ಯವಾಗಿ ಅರ್ಥ್ ಇಲ್ಲದ್ದರಿಂದ. ಅರ್ಥ್ ಇಲ್ಲದ ಕಡೆ ಎಷ್ಟು ದುಬಾರಿ ಸ್ಪೈಕ್ ಗಾರ್ಡ್ ಹಾಕಿದರೂ ಅದು ತನ್ನ ಪೂರಾ ಕೆಲಸ ಮಾಡಲಾರದು. ಎರೆಭೂಮಿಯ ಊರುಗಳಲ್ಲಿ ಇನ್ನೊಂದು ತೊಂದರೆ ಇದೆ. ಮಳೆಗಾಲದಲ್ಲಿ ಚೆನ್ನಾಗಿದ್ದ ಅರ್ಥಿಂಗ್ ಏಪ್ರಿಲ್ ಹೊತ್ತಿಗೆ ಸೋಲುತ್ತದೆ, ಏಕೆಂದರೆ ನೆಲ ಒಣಗಿ ಬಿರುಕು ಬಿಟ್ಟಾಗ ಮಣ್ಣು ಅರ್ಥ್ ಪೈಪಿನಿಂದ ದೂರ ಸರಿಯುತ್ತದೆ. ಬೇಸಿಗೆಯುದ್ದಕ್ಕೂ ವಾರಕ್ಕೆ ಎರಡು ಕೊಡ ನೀರನ್ನು ಅರ್ಥ್ ಗುಂಡಿಗೆ ಹಾಕಿ, ಮರುದಿನ ಮತ್ತೆ ಅಳೆದು ನೋಡಿ.

ಇನ್ನು ಯುಪಿಎಸ್ ಲೆಕ್ಕ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಡೆಸ್ಕ್‌ಟಾಪ್ ಕೆಲಸದ ಹೊತ್ತಿನಲ್ಲಿ 100 ವ್ಯಾಟಿನ ಆಸುಪಾಸು ಎಳೆಯುತ್ತದೆ. 24 ಇಂಚಿನ ಮಾನಿಟರ್ 20–25 ವ್ಯಾಟ್, ರೂಟರ್ 10 ವ್ಯಾಟ್. ಒಟ್ಟು 150ರೊಳಗೆ. ಅಂಗಡಿಯಲ್ಲಿ ಸಿಗುವ 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಹೊರುತ್ತದೆ, ಹಾಗಾಗಿ ಭಾರ ಹೆಚ್ಚಾಗದು. ಆದರೆ ಅದರೊಳಗಿರುವುದು 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ. ಗುಣಿಸಿದರೆ 84 ವ್ಯಾಟ್-ಅವರ್. ಒಮ್ಮೆಲೇ ಹೆಚ್ಚು ಕರೆಂಟ್ ಎಳೆದಾಗ ಲೆಡ್ ಬ್ಯಾಟರಿ ಪೂರ್ತಿ ಕೊಡುವುದಿಲ್ಲ, ಹೊಸದಿದ್ದಾಗಲೂ 10–15 ನಿಮಿಷವೇ ಲೆಕ್ಕ. ಫೈಲು ಉಳಿಸಿ ಸಿಸ್ಟಮ್ ಮುಚ್ಚಲು ಅಷ್ಟು ಸಾಕು, ಕೆಲಸ ಮುಂದುವರಿಸಲು ಸಾಲದು. ಲೆಡ್ ಬ್ಯಾಟರಿಗೆ 25 ಡಿಗ್ರಿ ಹಿತ. ಅದಕ್ಕಿಂತ ಪ್ರತಿ 10 ಡಿಗ್ರಿ ಹೆಚ್ಚಿದಾಗ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಯುಪಿಎಸ್ಸನ್ನು ಕಿಟಕಿಯ ಬಿಸಿಲಿಗೆ ಇಡಬೇಡಿ, ಕ್ಯಾಬಿನೆಟ್ಟಿನ ಬಿಸಿಗಾಳಿ ಬೀಳುವ ಕಡೆಯೂ ಬೇಡ. ಎರಡು ವರ್ಷಕ್ಕೊಮ್ಮೆ ಬ್ಯಾಟರಿ ಬದಲಿಸುವ ಖರ್ಚನ್ನು ಮೊದಲೇ ಎತ್ತಿಡಿ.

ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಹಿಂದಿನ ಚಿಕ್ಕ ಸ್ವಿಚ್ ನೋಡಿ. ಒಂದು ಕಡೆ ಯುಪಿಎಸ್ ಮೋಡ್, ಇನ್ನೊಂದು ಕಡೆ ನಾರ್ಮಲ್ ಅಥವಾ ಇಕೋ ಮೋಡ್. ಕಂಪ್ಯೂಟರ್ ರೀಸ್ಟಾರ್ಟ್ ಆಗದಿರಲು ಯುಪಿಎಸ್ ಮೋಡ್ ಬೇಕು, ಬ್ಯಾಟರಿಗೆ ಬದಲಾಗುವ ಸಮಯ ಅಲ್ಲಿ ಕಡಿಮೆ. ಆದರೆ ಆ ಮೋಡಿನಲ್ಲಿ ಇನ್ವರ್ಟರ್ ಸುಮಾರು 180ರಿಂದ 260 ವೋಲ್ಟಿನ ನಡುವಿನ ಕರೆಂಟನ್ನು ಮಾತ್ರ ಒಪ್ಪಿಕೊಳ್ಳುತ್ತದೆ. ಹಳ್ಳಿ ಕಡೆ ಪಂಪ್‌ಸೆಟ್‌ಗಳು ಒಟ್ಟಿಗೆ ಓಡುವ ಹೊತ್ತಿಗೆ ವೋಲ್ಟೇಜು 170ಕ್ಕೆ ಬಿದ್ದರೆ, ಕರೆಂಟು ಇದ್ದೂ ಇನ್ವರ್ಟರ್ ಬ್ಯಾಟರಿಯನ್ನೇ ತಿನ್ನುತ್ತದೆ. ಸಂಜೆ ನಿಜವಾಗಿ ಕರೆಂಟು ಹೋದಾಗ ಬ್ಯಾಟರಿ ಬರಿದು. ‘ಇನ್ವರ್ಟರ್ ಹಾಳಾಗಿದೆ’ ಎಂದು ರಿಪೇರಿಗೆ ಹೊತ್ತೊಯ್ಯುವ ಎಷ್ಟೋ ಪ್ರಕರಣಗಳ ಮೂಲ ಇಷ್ಟೇ. ಇದಕ್ಕೆ ದಾರಿ ಇನ್ವರ್ಟರಿಗೆ ಮೊದಲೇ ಒಂದು ವೋಲ್ಟೇಜ್ ಸ್ಟೆಬಿಲೈಜರ್ ಹಾಕುವುದು. ಇನ್ವರ್ಟರ್ ಹೊಸದಾಗಿ ಕೊಳ್ಳುವುದಾದರೆ ಪ್ಯೂರ್ ಸೈನ್ ವೇವ್ ಎಂದು ಬರೆದಿರುವುದನ್ನೇ ಕೊಳ್ಳಿ. ಈಗಿನ ಒಳ್ಳೆಯ ಎಸ್‌ಎಂಪಿಎಸ್‌ಗಳಲ್ಲಿ (ಕಂಪ್ಯೂಟರಿನೊಳಗೆ ಕರೆಂಟು ಹಂಚುವ ಡಬ್ಬಿ) ಕೆಲವು ಚೌಕ ಅಲೆಯ ಇನ್ವರ್ಟರಿನ ಮೇಲೆ ಗುಂಯ್‌ಗುಡುತ್ತವೆ, ಇಲ್ಲವೇ ನಿಂತೇ ಹೋಗುತ್ತವೆ.

ರೂಟರಿಗೆ ಬೇರೆ ಚಿಕ್ಕ ಯುಪಿಎಸ್ ಸಿಗುತ್ತದೆ, ಅಂಗೈ ಅಗಲದ ಲಿಥಿಯಂ ಬ್ಯಾಟರಿ ಡಬ್ಬಿ. ಕೊಳ್ಳುವ ಮುಂಚೆ ರೂಟರ್ ಅಡಾಪ್ಟರಿನ ಮೇಲಿನ ಚೀಟಿ ಓದಿ. ವೋಲ್ಟ್ ಕರಾರುವಾಕ್ಕಾಗಿ ಹೊಂದಬೇಕು, 12 ಇದ್ದರೆ 12. ಆಂಪಿಯರ್ ಅಷ್ಟೇ ಇರಲಿ ಅಥವಾ ಹೆಚ್ಚಿರಲಿ, ಕಡಿಮೆ ಇದ್ದರೆ ರೂಟರ್ ಪದೇ ಪದೇ ರೀಸ್ಟಾರ್ಟ್ ಆಗುತ್ತದೆ. ಲ್ಯಾಪ್‌ಟಾಪ್ ಬಳಸುವವರಿಗೆ ಇದೊಂದಿದ್ದರೆ ಕೆಲವು ಗಂಟೆಗಳ ಕರೆಂಟ್ ಕಟ್ ಕೂಡ ದೊಡ್ಡ ಅಡ್ಡಿಯಲ್ಲ. ನಮ್ಮ ಮೂರು ಜಿಲ್ಲೆಗಳಲ್ಲಿ ಡೆಸ್ಕ್‌ಟಾಪಿಗಿಂತ ಲ್ಯಾಪ್‌ಟಾಪೇ ವಾಸಿ ಎನ್ನಲು ಮುಖ್ಯ ಕಾರಣವೂ ಇದೇ.

ಬಿಸಿಲು, ಧೂಳು

ಪ್ರೊಸೆಸರ್ ತಣ್ಣಗಾಗುವುದು ಕೋಣೆಯ ಗಾಳಿಯಿಂದ. ಕೋಣೆ 25ರಿಂದ 40 ಡಿಗ್ರಿಗೆ ಏರಿದರೆ ಅದೇ ಕೆಲಸಕ್ಕೆ ಚಿಪ್ಪಿನ ಬಿಸಿಯೂ ಸುಮಾರು 15 ಡಿಗ್ರಿ ಏರುತ್ತದೆ. ಚಿಪ್ 95–100 ಡಿಗ್ರಿಯ ಹತ್ತಿರ ಬಂದರೆ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಬೆಳಿಗ್ಗೆ ಸಲೀಸಾಗಿ ಓಡಿದ ಫಿಗ್ಮಾ (ಪುಟದ ವಿನ್ಯಾಸ ಬಿಡಿಸುವ ಸಾಫ್ಟ್‌ವೇರ್) ಮಧ್ಯಾಹ್ನ ಮೂರಕ್ಕೆ ತಡವರಿಸಿದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ. ವಿಂಡೋಸ್‌ನಲ್ಲಿ ಎಚ್‌ಡಬ್ಲ್ಯುಇನ್ಫೋ ಎಂಬ ಉಚಿತ ಸಾಫ್ಟ್‌ವೇರ್ ಹಾಕಿ ಚಿಪ್ಪಿನ ಬಿಸಿ ನೋಡಿ. ಕೆಲಸ ನಡೆದಿರುವಾಗ 85ರ ಕೆಳಗಿದ್ದರೆ ನಿಶ್ಚಿಂತೆ.

ಏರ್ ಕೂಲರ್ ನಮ್ಮ ಒಣ ಬಿಸಿಲಿಗೆ ಚೆನ್ನಾಗಿ ಒಗ್ಗುತ್ತದೆ. ಆದರೆ ಅದರ ಒದ್ದೆ ಗಾಳಿ ನೇರ ಕಂಪ್ಯೂಟರಿನ ಮೇಲೆ ಬೀಳಬಾರದು. ತೇವ ಮತ್ತು ಧೂಳು ಸೇರಿ ಫ್ಯಾನಿನ ರೆಕ್ಕೆಗೂ ಹೀಟ್‌ಸಿಂಕಿಗೂ ರಾಡಿಯಂತೆ ಅಂಟಿ, ಊದಿದರೆ ಹೋಗದ ಪದರವಾಗುತ್ತದೆ. ಕೂಲರಿನ ಎದುರಿಗೆ ನೀವು ಕೂರಿ, ಕ್ಯಾಬಿನೆಟ್ ಪಕ್ಕಕ್ಕಿರಲಿ. ಎದುರಿನ ಕಿಟಕಿ ಅರ್ಧ ತೆರೆದಿರಲಿ.

ಧೂಳಿನಲ್ಲೂ ಬಗೆಗಳಿವೆ. ಸಂಡೂರು, ತೋರಣಗಲ್ಲು ಕಡೆ ಅದಿರಿನ ಕೆಂಧೂಳು ನುಣ್ಣಗೆ ಇಳಿದು ಪೋರ್ಟುಗಳ ಒಳಗೂ ಸೇರುತ್ತದೆ. ಗಂಗಾವತಿ, ಸಿಂಧನೂರಿನ ರೈಸ್ ಮಿಲ್ ಆಸುಪಾಸಿನಲ್ಲಿ ತೌಡಿನ ಧೂಳು. ಅದರಲ್ಲಿ ಎಣ್ಣೆಯ ಅಂಶ ಇರುವುದರಿಂದ ಜಿಗಟು. ರಾಯಚೂರಿನ ಹತ್ತಿ ಜಿನ್ನಿಂಗ್ ಮಿಲ್ಲುಗಳ ಹತ್ತಿರ, ಬಳ್ಳಾರಿಯ ಜೀನ್ಸ್ ಘಟಕಗಳ ಓಣಿಗಳಲ್ಲಿ ಎಳೆಎಳೆಯಾದ ಜುಂಗು ಹೀಟ್‌ಸಿಂಕಿನ ಸಂದುಗಳಿಗೆ ಕಂಬಳಿ ಹೊದಿಸಿದಂತೆ ಕೂರುತ್ತದೆ. ಮನೆಯಲ್ಲಿ ಕೆಲಸ ಮಾಡುವವರಿಗೆ ಮೂರು ತಿಂಗಳಿಗೊಮ್ಮೆ, ಇಂಥ ಜಾಗಗಳಲ್ಲಿ ತಿಂಗಳಿಗೊಮ್ಮೆ ಸ್ವಚ್ಛ ಮಾಡುವುದು ಒಳ್ಳೆಯದು.

ಸ್ವಚ್ಛ ಮಾಡುವ ಕ್ರಮ ಹೀಗೆ. ಪ್ಲಗ್ ಕಿತ್ತು ಪವರ್ ಬಟನ್ನನ್ನು 10 ಸೆಕೆಂಡ್ ಒತ್ತಿ ಹಿಡಿಯಿರಿ, ಒಳಗೆ ಉಳಿದ ವಿದ್ಯುತ್ ಖಾಲಿಯಾಗುತ್ತದೆ. ಕ್ಯಾಬಿನೆಟ್ಟನ್ನು ಅಂಗಳಕ್ಕೆ ತನ್ನಿ, ಕೋಣೆಯಲ್ಲೇ ಊದಿದರೆ ಅದೇ ಧೂಳು ಮತ್ತೆ ಒಳಸೇರುತ್ತದೆ. ಫ್ಯಾನಿನ ರೆಕ್ಕೆಯನ್ನು ಒಂದು ಬೆರಳಿನಿಂದ ಹಿಡಿದೇ ಬ್ಲೋವರ್ ಹೊಡೆಯಿರಿ. ಬಿಟ್ಟರೆ ಅದು ಅಳತೆ ಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಜಿಗಟು ಧೂಳಿಗೆ ಒಂದು ಇಂಚಿನ ಮೆತ್ತನೆಯ ಪೇಂಟ್ ಬ್ರಷ್ ಬೇಕು. ವ್ಯಾಕ್ಯೂಮ್ ಕ್ಲೀನರ್ ಬೇಡ, ಅದರ ಮೂತಿಯಲ್ಲಿ ಹುಟ್ಟುವ ಸ್ಥಿರವಿದ್ಯುತ್ ಚಿಪ್ಪುಗಳಿಗೆ ಅಪಾಯ. ಧೂಳು ತೆಗೆದ ಮೇಲೂ ಬಿಸಿ ಇಳಿಯದಿದ್ದರೆ ಥರ್ಮಲ್ ಪೇಸ್ಟ್ ಒಣಗಿರುತ್ತದೆ. ಹಳೆಯದನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಮುಟ್ಟಿಸಿದ ಬಟ್ಟೆಯಿಂದ ಒರೆಸಿ, ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ನಡುವೆ ಇಟ್ಟು ಹೀಟ್‌ಸಿಂಕ್ ಕೂರಿಸಿ ಸ್ಕ್ರೂಗಳನ್ನು ಎದುರುಬದುರಾಗಿ ಬಿಗಿಯಿರಿ.

ಯಂತ್ರ

ವೆಬ್ ಡಿಸೈನಿಗೆ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಬೇಡ. ರ್‍ಯಾಮ್ 16 ಜಿಬಿ, ಸಾಧ್ಯವಾದರೆ 8ರ ಎರಡು ಪಟ್ಟಿಗಳು, ಆಗ ಎರಡೂ ದಾರಿಯಿಂದ ಡೇಟಾ ಹರಿಯುತ್ತದೆ. 512 ಜಿಬಿಯ ಎಸ್‌ಎಸ್‌ಡಿ. ಹಳೆ ಕಂಪ್ಯೂಟರ್ ಇದ್ದರೆ ಅದನ್ನು ಬಿಸಾಡುವ ಮೊದಲು ಹಾರ್ಡ್‌ಡಿಸ್ಕ್ ತೆಗೆದು ಸಾಟಾ ಎಸ್‌ಎಸ್‌ಡಿ ಹಾಕಿ ನೋಡಿ. ಹಾರ್ಡ್‌ಡಿಸ್ಕ್ ಸೆಕೆಂಡಿಗೆ 100–150 ಎಂಬಿ ಓದಿದರೆ ಇದು 500 ದಾಟುತ್ತದೆ.

ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ಕೊಳ್ಳುವವರು ಅಂಗಡಿಯಲ್ಲೇ ಮೂರು ಪರೀಕ್ಷೆ ಮಾಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ ಡಿಸ್ಕಿನ ಆರೋಗ್ಯ ನೋಡಿ. ವಿಂಡೋಸ್‌ನ ಬ್ಯಾಟರಿ ರಿಪೋರ್ಟ್ ತೆಗೆದು, ತಯಾರಾದಾಗಿನ ಸಾಮರ್ಥ್ಯಕ್ಕೂ ಈಗಿನ ಪೂರ್ತಿ ಚಾರ್ಜಿಗೂ ಹೋಲಿಸಿ. 60 ಶೇಕಡಾಕ್ಕಿಂತ ಇಳಿದಿದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು ಮಾತಿನಲ್ಲಿ ಮುರಿಯಿರಿ. ಮೂರನೆಯದು ಪ್ರೊಸೆಸರಿನ ಪೀಳಿಗೆ. ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್ ಆದರೆ 8ನೇ ಪೀಳಿಗೆ ಅಥವಾ ಮೇಲಿನದು, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಅದಕ್ಕಿಂತ ಹಳೆಯದು ಅಗ್ಗಕ್ಕೆ ಸಿಕ್ಕರೆ ವಿಂಡೋಸ್ ಬದಲು ಉಚಿತವಾದ ಲಿನಕ್ಸ್, ಅಂದರೆ ಉಬುಂಟು 24.04 ಅಥವಾ ಲಿನಕ್ಸ್ ಮಿಂಟ್ ಹಾಕಿ. ಫಿಗ್ಮಾ ಬ್ರೌಸರಿನಲ್ಲೇ ಓಡುತ್ತದೆ, ಕೋಡ್ ಬರೆಯುವ ವಿಎಸ್ ಕೋಡ್, ಫೋಟೊ ತಿದ್ದುವ ಗಿಂಪ್, ಚಿತ್ರ ಬಿಡಿಸುವ ಇಂಕ್‌ಸ್ಕೇಪ್ ಎಲ್ಲಕ್ಕೂ ಲಿನಕ್ಸ್ ಆವೃತ್ತಿ ಇದೆ. ಫೋಟೊಶಾಪ್ ಬಿಟ್ಟು ಕೆಲಸವಾಗದು ಎನ್ನುವವರಿಗೆ ಮಾತ್ರ ಲಿನಕ್ಸ್ ಸರಿಹೋಗದು.

ಮೌಸ್ ನಿಮ್ಮ ಕೈಗೆ ಹೊಂದುವ ಯಾವುದಾದರೂ ಸರಿ. ಮಾನಿಟರಿನ ವಿಷಯದಲ್ಲಿ ಮಾತ್ರ ಕೈ ಬಿಗಿ ಮಾಡಬೇಡಿ.

ಬಣ್ಣ ನಂಬಬಹುದಾದ ಪರದೆ

24 ಇಂಚು, 1920×1080, ಐಪಿಎಸ್ ಪ್ಯಾನೆಲ್, ಎಸ್‌ಆರ್‌ಜಿಬಿ (ವೆಬ್‌ನಲ್ಲಿ ಸಾಮಾನ್ಯವಾಗಿ ಬಳಸುವ ಬಣ್ಣಗಳ ಅಳತೆ) ವ್ಯಾಪ್ತಿ 99 ಶೇಕಡಾ ಅಥವಾ ಮೇಲೆ: ಅಂಗಡಿಯವರಿಗೆ ಹೇಳಬೇಕಾದ್ದು ಇಷ್ಟು. ಟಿಎನ್ ಪ್ಯಾನೆಲ್ ಅಗ್ಗ, ಆದರೆ ತಲೆ ಒಂದು ಗೇಣು ಮೇಲೆ ಕೆಳಗೆ ಆದರೆ ಬಣ್ಣ ಬದಲಾಗುತ್ತದೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆ ಮಾರುವವರ ಸೈಟ್ ಮಾಡುವಾಗ, ಗೊಂಬೆಯ ಕೆಂಪು, ಹಳದಿ ತಪ್ಪಿದರೆ ಕೊಂಡವರು ವಾಪಸ್ ಕಳಿಸುತ್ತಾರೆ. ಬಳ್ಳಾರಿ ಜೀನ್ಸಿನ ಇಂಡಿಗೊ ಬಣ್ಣದ ಐದಾರು ಛಾಯೆಗಳು ಕೆಟ್ಟ ಪರದೆಯಲ್ಲಿ ಒಂದೇ ನೀಲಿಯಾಗಿ ಕಾಣುತ್ತವೆ.

ಮಾನಿಟರಿನ ಮೆನುವಿನಲ್ಲಿ ಎಸ್‌ಆರ್‌ಜಿಬಿ ಅಥವಾ 6500 ಕೆಲ್ವಿನ್ ಆಯ್ದುಕೊಳ್ಳಿ, ವಿವಿಡ್, ಸಿನೆಮಾ ಮೋಡುಗಳನ್ನು ಮುಟ್ಟಬೇಡಿ. ಬಣ್ಣ ಆಯ್ಕೆ ಮಾಡುವ ಹೊತ್ತಿಗೆ ಪರದೆಯನ್ನು ಹಳದಿಯಾಗಿಸುವ ನೈಟ್ ಲೈಟ್ ಆಫ್ ಇರಲಿ. ಫೋಟೊ ಬಂದಾಗ ಅದರ ಕಲರ್ ಪ್ರೊಫೈಲ್ ನೋಡುವುದು ರೂಢಿಯಾಗಲಿ. ಐಫೋನಿನ ಚಿತ್ರಗಳು ಸಾಮಾನ್ಯವಾಗಿ ಡಿಸ್‌ಪ್ಲೇ ಪಿ3 ಪ್ರೊಫೈಲಿನಲ್ಲಿರುತ್ತವೆ. ಚಿಕ್ಕದು ಮಾಡುವಾಗ ಪ್ರೊಫೈಲ್ ಕಳಚಿಹೋದರೆ ಬ್ರೌಸರ್ ಆ ಅಂಕಿಗಳನ್ನು ಎಸ್‌ಆರ್‌ಜಿಬಿ ಎಂದೇ ಓದುತ್ತದೆ, ಗೊಂಬೆಯ ಕೆಂಪು ಮಂಕಾಗುತ್ತದೆ. ಮೊದಲು ಎಸ್‌ಆರ್‌ಜಿಬಿಗೆ ಪರಿವರ್ತಿಸಿ, ಆಮೇಲೆ ಕುಗ್ಗಿಸಿ.

ಗಿರಾಕಿಗಳು ಫೋಟೊ ಕಳಿಸುವುದು ವಾಟ್ಸಾಪಿನಲ್ಲಿ. ‘ಫೋಟೊ ಅಂತ ಕಳಿಸಬೇಡಿ, ಡಾಕ್ಯುಮೆಂಟ್ ಅಂತ ಕಳಿಸಿ’ ಎಂದು ಮೊದಲೇ ಹೇಳಿ. ಇಲ್ಲದಿದ್ದರೆ ವಾಟ್ಸಾಪ್ ಚಿತ್ರವನ್ನು ಹಿಂಡಿಬಿಡುತ್ತದೆ.

ಕನ್ನಡ: ಹೆಚ್ಚು ತಪ್ಪಾಗುವುದು ಇಲ್ಲೇ

ಕೀಲಿಮಣೆಗೆ ಪ್ರತ್ಯೇಕ ಖರ್ಚು ಬೇಡ. ನುಡಿ ತಂತ್ರಾಂಶದ ಈಚಿನ ಆವೃತ್ತಿಗಳಲ್ಲಿ ಯುನಿಕೋಡ್ (ಎಲ್ಲ ಭಾಷೆಯ ಅಕ್ಷರಗಳಿಗೂ ಜಗತ್ತಿನಾದ್ಯಂತ ಒಂದೇ ಸಂಕೇತ) ಇದೆ, ಕೆ.ಪಿ. ರಾವ್ ವಿನ್ಯಾಸ ರೂಢಿ ಇರುವವರಿಗೆ ಅದೇ ಸಲೀಸು. ವಿಂಡೋಸ್‌ನ ಭಾಷಾ ಸೆಟ್ಟಿಂಗಿನಲ್ಲೇ ಕನ್ನಡ ಸೇರಿಸಿಕೊಳ್ಳಬಹುದು. ಲಿನಕ್ಸಿನಲ್ಲಿ ಐಬಸ್ ಜೊತೆ ಎಂ17ಎನ್ ಪ್ಯಾಕೇಜ್ ಹಾಕಿದರೆ ಕೆಜಿಪಿ (ಕನ್ನಡ ಗಣಕ ಪರಿಷತ್) ಹೆಸರಿನಲ್ಲಿ ಇದೇ ವಿನ್ಯಾಸ ಸಿಗುತ್ತದೆ.

ಗಿರಾಕಿ ಕೊಡುವ ಬರಹ ಬಹಳ ಸಲ ಹಳೆಯ ನುಡಿ ಅಥವಾ ‘ಬರಹ’ ತಂತ್ರಾಂಶದ ಆಸ್ಕಿ ಫಾಂಟಿನಲ್ಲಿರುತ್ತದೆ. ವರ್ಡ್‌ನಲ್ಲಿ ಕನ್ನಡವಾಗಿ ಕಂಡದ್ದು ಬ್ರೌಸರಿಗೆ ಅಂಟಿಸಿದೊಡನೆ ತಲೆಯ ಮೇಲೆ ಗೆರೆ, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆಯಾಗುತ್ತದೆ. ಆ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ನುಡಿಯಲ್ಲೇ ಇರುವ ಪರಿವರ್ತಕದಿಂದ ಯುನಿಕೋಡಿಗೆ ತನ್ನಿ. ತಂದ ಮೇಲೆ ಕಣ್ಣಿಟ್ಟು ಓದಲೇಬೇಕು. ನಡುವೆ ಇದ್ದ ಇಂಗ್ಲಿಷ್ ಪದಗಳು, ಇಮೇಲ್ ವಿಳಾಸಗಳು ಅರ್ಥವಿಲ್ಲದ ಕನ್ನಡವಾಗಿರುತ್ತವೆ, ಏಕೆಂದರೆ ಪರಿವರ್ತಕಕ್ಕೆ ಎರಡೂ ಒಂದೇ. ಅರ್ಕಾವತ್ತು ಇರುವ ಪದಗಳನ್ನೂ ಉದ್ಧರಣ ಚಿಹ್ನೆಗಳನ್ನೂ ವಿಶೇಷವಾಗಿ ನೋಡಿ.

ಇನ್ನೊಂದು ಕಣ್ಣಿಗೆ ಕಾಣದ ತಪ್ಪು ಸೊನ್ನೆಯದು. ‘ಗಂಗಾವತಿ’ ಎಂದು ಅನುಸ್ವಾರದಲ್ಲಿ ಬರೆಯುವ ಬದಲು ‘ಗ೦ಗಾವತಿ’ ಎಂದು ಕನ್ನಡ ಅಂಕಿ ಸೊನ್ನೆಯನ್ನು ಒತ್ತಿರುತ್ತಾರೆ. ಕಣ್ಣಿಗೆ ಎರಡೂ ಒಂದೇ. ಆದರೆ ಹುಡುಕಿದರೆ ಸಿಗುವುದಿಲ್ಲ, ಅಕಾರಾದಿ ಜೋಡಣೆಯಲ್ಲಿ ಬೇರೆಲ್ಲೋ ಹೋಗುತ್ತದೆ. ಬರಹ ಬಂದ ಕೂಡಲೇ ವಿಎಸ್ ಕೋಡಿನಲ್ಲಿ ಕನ್ನಡ ಅಂಕಿ ಸೊನ್ನೆಯನ್ನು ಹುಡುಕಿ, ಅಂಕಿಗಳ ಜೊತೆ ಇಲ್ಲದ ಕಡೆಯೆಲ್ಲ ಅನುಸ್ವಾರಕ್ಕೆ ಬದಲಿಸಿ.

‘ಬಳ್ಳಾರಿ’ ಎನ್ನುವ ಪದವನ್ನೇ ತೆಗೆದುಕೊಳ್ಳಿ. ಓದುವವರಿಗೆ ಅದು ಮೂರು ಅಕ್ಷರ: ಬ, ಳ್ಳಾ, ರಿ. ಕಂಪ್ಯೂಟರಿಗೆ ಏಳು ಸಂಕೇತ: ಬ, ಳ, ಹಲಂತ, ಳ, ಆಕಾರದ ಚಿಹ್ನೆ, ರ, ಗುಡಿಸು. ಯುನಿಕೋಡನ್ನು ಫೈಲಿನಲ್ಲಿ ಉಳಿಸುವ ಯುಟಿಎಫ್-8 ಕ್ರಮದಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ 3 ಬೈಟ್, ಹಾಗಾಗಿ ಒಟ್ಟು 21 ಬೈಟ್. ಅದೇ ಪದ ಪುಟದ ವಿಳಾಸದಲ್ಲಿ ಬಂದರೆ ಪ್ರತಿ ಬೈಟೂ ಶೇಕಡಾ ಚಿಹ್ನೆ ಹೊತ್ತ ಮೂರು ಗುರುತುಗಳಾಗಿ 63 ಗುರುತು ಹಿಡಿಯುತ್ತದೆ. ಸೈಟ್ ನಡೆಸುವ ತಂತ್ರಾಂಶವಾದ ವರ್ಡ್‌ಪ್ರೆಸ್ ವಿಳಾಸದಲ್ಲಿ ಬರುವ ಪುಟದ ಹೆಸರಿಗೆ 200 ಗುರುತುಗಳ ಮಿತಿ ಇಟ್ಟಿದೆ, ಅಂದರೆ 22 ಕನ್ನಡ ಸಂಕೇತಕ್ಕೆ ಕತ್ತರಿ ಬೀಳುತ್ತದೆ. ಉದ್ದ ಶೀರ್ಷಿಕೆಯ ಎರಡು ಲೇಖನಗಳ ವಿಳಾಸ ಒಂದೇ ಥರ ಆಗಿ, ಎರಡನೆಯದರ ಬಾಲಕ್ಕೆ 2 ಸೇರುವುದು ಇದರಿಂದ. ಪ್ರಕಟಿಸುವ ಮೊದಲೇ ಪುಟದ ವಿಳಾಸವನ್ನು ಚಿಕ್ಕ ಇಂಗ್ಲಿಷ್ ಅಕ್ಷರಗಳಲ್ಲಿ ಕೈಯಾರೆ ಬರೆಯಿರಿ.

ಇದೇ ಲೆಕ್ಕ ಅರ್ಜಿ ನಮೂನೆಗಳಲ್ಲೂ ಕಾಡುತ್ತದೆ. ಹೆಸರಿನ ಖಾನೆಗೆ ‘ಅಕ್ಷರ ಮಾತ್ರ’ ಎಂದು ನಿಯಮ ಹಾಕಿದರೆ ‘ಬಸವ’ ಒಳಗೆ ಹೋಗುತ್ತದೆ, ‘ಮಲ್ಲಿಕಾರ್ಜುನ’ ತಿರಸ್ಕಾರವಾಗುತ್ತದೆ. ಯುನಿಕೋಡಿನ ಪ್ರಕಾರ ಕಾಗುಣಿತದ ಚಿಹ್ನೆಗಳೂ ಹಲಂತವೂ ಅಕ್ಷರದ ವರ್ಗದಲ್ಲಿಲ್ಲ, ‘ಮಾರ್ಕ್’ ಎಂಬ ಬೇರೆ ವರ್ಗದಲ್ಲಿವೆ. ನಿಯಮದಲ್ಲಿ ಎರಡೂ ವರ್ಗಗಳನ್ನು ಸೇರಿಸಿ, ಜೊತೆಗೆ ಖಾಲಿ ಜಾಗ, ಚುಕ್ಕೆ, ಮತ್ತು ಜೀರೊ ವಿಡ್ತ್ ನಾನ್ ಜಾಯ್ನರ್. ಈ ಕೊನೆಯದು ‘ಸಾಫ್ಟ್‌ವೇರ್’ ಎಂಬುದು ‘ಸಾಫ್ಟ್ವೇರ್’ ಆಗದಂತೆ ನಡುವೆ ಕೂರುವ, ಕಣ್ಣಿಗೆ ಕಾಣದ ಸಂಕೇತ. ಡೇಟಾಬೇಸಿನ ಅಕ್ಷರ ವ್ಯವಸ್ಥೆ ಯುಟಿಎಫ್8ಎಂಬಿ4 (utf8mb4) ಇರಲಿ. ಲ್ಯಾಟಿನ್-1 ಉಳಿದಿದ್ದರೆ ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆಗಳು ಬಂದು ಕೂರುತ್ತವೆ, ಹಾಗೆ ಕೂತ ಬರಹ ಮತ್ತೆ ಸಿಗುವುದಿಲ್ಲ.

ಫಾಂಟಿಗೆ ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ 2, ಟಿರೊ ಕನ್ನಡ ಇವು ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. ಮೈಬರಹಕ್ಕೆ ಒಂದು, ತಲೆಬರಹಕ್ಕೆ ಒಂದು ಸಾಕು. ದಪ್ಪ ಬೇಕಾದರೆ 700 ತೂಕದ ಫೈಲನ್ನೇ ಹಾಕಿ, ಇಲ್ಲದಿದ್ದರೆ ಬ್ರೌಸರ್ ತಾನೇ ಕೃತಕವಾಗಿ ದಪ್ಪ ಮಾಡಿ ಒತ್ತಕ್ಷರದ ಸಂದು ಮುಚ್ಚಿಹೋಗುತ್ತದೆ. ಓರೆ ಅಕ್ಷರ ಕನ್ನಡಕ್ಕೆ ಬೇಡ, ನಮ್ಮ ಲಿಪಿಗೆ ಆ ಪರಂಪರೆ ಇಲ್ಲ. ಸಿಎಸ್‌ಎಸ್‌ನಲ್ಲಿ ಫಾಂಟ್ ಡಿಸ್‌ಪ್ಲೇಗೆ ಸ್ವಾಪ್ (font-display: swap) ಕೊಡಿ, ಫಾಂಟು ಇಳಿಯುವ ತನಕ ಫೋನಿನ ಸ್ವಂತ ಕನ್ನಡ ಫಾಂಟಿನಲ್ಲಿ ಓದುತ್ತಿರಲಿ.

ಇಂಗ್ಲಿಷ್ ಟೆಂಪ್ಲೇಟು ತಂದು ಕನ್ನಡ ತುಂಬಿದಾಗ ಮೊದಲು ಕೆಡುವುದು ಸಾಲಿನ ಎತ್ತರ. ತಲೆಬರಹಕ್ಕೆ 1.1 ಲೈನ್-ಹೈಟ್ ಇರುತ್ತದೆ, ಅದರಲ್ಲಿ ‘ರಾಷ್ಟ್ರ’ದ ಕೆಳಗಿನ ಒತ್ತುಗಳು ಮುಂದಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತವೆ, ಬಟನ್ನಿನಲ್ಲಾದರೆ ಬುಡ ಕತ್ತರಿಸಿಹೋಗುತ್ತದೆ. ಮೈಬರಹಕ್ಕೆ 17–18 ಪಿಕ್ಸೆಲ್ ಗಾತ್ರ, 1.7 ಲೈನ್-ಹೈಟ್, ತಲೆಬರಹಕ್ಕೆ 1.4 ಕೊಡಿ. ಲೆಟರ್-ಸ್ಪೇಸಿಂಗ್ ಸೊನ್ನೆ ಇರಲಿ. ಎರಡೂ ಅಂಚು ಸಮ ಮಾಡುವ ಜಸ್ಟಿಫೈ ಫೋನಿನಲ್ಲಿ ಬೇಡವೇ ಬೇಡ, ನಮ್ಮ ಪದಗಳು ಉದ್ದ, ನಡುವೆ ಹೊಂಡ ಬೀಳುತ್ತವೆ. ಪ್ರತಿ ಹೊಸ ಫಾಂಟಿಗೂ ‘ಸ್ತ್ರೀ, ರಾಷ್ಟ್ರ, ಕೃಷ್ಣ, ಶಾಸ್ತ್ರ, ಕರ್ಕಿ, ಜ್ಞಾನ, ಕೌದಿ’ ಎಂಬ ಒಂದೇ ಸಾಲನ್ನು ಅಂಟಿಸಿ ನೋಡಿ.

ಫೋಟೊಶಾಪಿನಲ್ಲಿ ಬ್ಯಾನರ್ ಮಾಡುವಾಗ ಒತ್ತಕ್ಷರ ಒಡೆದು ಬಿಡಿಬಿಡಿಯಾಗಿ ಬಂದರೆ ಫಾಂಟಿನ ತಪ್ಪಲ್ಲ. ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ವರ್ಲ್ಡ್-ರೆಡಿ ಲೇಔಟ್ ಆಯ್ದು, ಹೊಸ ಫೈಲ್ ತೆರೆದು ಮತ್ತೆ ಟೈಪ್ ಮಾಡಿ. ಗಿಂಪ್, ಇಂಕ್‌ಸ್ಕೇಪ್‌ಗಳಲ್ಲಿ ಈ ರಗಳೆ ಇಲ್ಲ. ಇನ್ನು, ಓದುವ ಬರಹವನ್ನು ಚಿತ್ರವಾಗಿ ಹಾಕುವುದನ್ನು ಬಿಡಿ. ಗೂಗಲಿಗೂ ಅದು ಸರಿಯಾಗಿ ಸಿಗುವುದಿಲ್ಲ, ಕಣ್ಣು ಕಾಣದವರ ಸ್ಕ್ರೀನ್ ರೀಡರಿಗೂ ಸಿಗುವುದಿಲ್ಲ. ಪುಟದ ಭಾಷೆ ಕನ್ನಡ ಎಂದು ಎಚ್‌ಟಿಎಂಎಲ್‌ನ ಲ್ಯಾಂಗ್ (lang) ಗುಣದಲ್ಲಿ ಕೆಎನ್ (kn) ಎಂದು ಬರೆದರೆ ಆ ರೀಡರ್ ಸರಿಯಾದ ದನಿಯಲ್ಲಿ ಓದುತ್ತದೆ.

ಓದುವವರ ಫೋನಿನಲ್ಲೇ ಪರೀಕ್ಷೆ

ನಿಮ್ಮ ದುಬಾರಿ ಫೋನ್ ಪರೀಕ್ಷೆಗೆ ಉಪಯೋಗವಿಲ್ಲ. 3–4 ಜಿಬಿ ರ್‍ಯಾಮಿನ ಹಳೆಯ ಆಂಡ್ರಾಯ್ಡ್ ಒಂದನ್ನು ಕೆಲಸಕ್ಕೆಂದೇ ಇಟ್ಟುಕೊಳ್ಳಿ, ಗಾಜು ಸ್ವಲ್ಪ ಗೀರಿದ್ದರೂ ಆದೀತು.

1. ಫೋನಿನ ಸೆಟ್ಟಿಂಗಿನಲ್ಲಿ ‘ಅಬೌಟ್ ಫೋನ್’ ತೆರೆದು ಬಿಲ್ಡ್ ನಂಬರ್ ಮೇಲೆ 7 ಸಲ ಒತ್ತಿ. ಡೆವಲಪರ್ ಆಯ್ಕೆಗಳು ತೆರೆದುಕೊಳ್ಳುತ್ತವೆ.
2. ಅಲ್ಲಿ ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿ, ಕೇಬಲ್ ಹಾಕಿ, ಫೋನಿನಲ್ಲಿ ಬರುವ ಅನುಮತಿ ಪೆಟ್ಟಿಗೆಗೆ ಒಪ್ಪಿಗೆ ಕೊಡಿ. ಫೋನು ಕಾಣಿಸದಿದ್ದರೆ ಕೇಬಲ್ ಬದಲಿಸಿ. ಅಗ್ಗದ ಕೇಬಲುಗಳಲ್ಲಿ ಚಾರ್ಜಿಂಗ್ ತಂತಿ ಮಾತ್ರ ಇರುತ್ತದೆ, ಡೇಟಾ ತಂತಿ ಇರುವುದಿಲ್ಲ.
3. ಕಂಪ್ಯೂಟರಿನ ಕ್ರೋಮ್‌ನಲ್ಲಿ ಇನ್‌ಸ್ಪೆಕ್ಟ್ ಪುಟ (chrome://inspect) ತೆರೆದು, ಪೋರ್ಟ್ ಫಾರ್ವರ್ಡಿಂಗಿನಲ್ಲಿ ನಿಮ್ಮ ಲೋಕಲ್ ಸರ್ವರಿನ ಪೋರ್ಟ್ ಸೇರಿಸಿ. ವಿಎಸ್ ಕೋಡಿನ ಲೈವ್ ಸರ್ವರ್ ಬಳಸಿದರೆ ಅದು 5500.
4. ಫೋನಿನ ಕ್ರೋಮ್‌ನಲ್ಲಿ ಅದೇ ಲೋಕಲ್‌ಹೋಸ್ಟ್ ವಿಳಾಸ ತೆರೆಯಿರಿ. ಕಂಪ್ಯೂಟರಿನಲ್ಲಿ ತಿದ್ದಿದ್ದು ಫೋನಿನಲ್ಲಿ ಕೂಡಲೇ ಕಾಣುತ್ತದೆ.

ಫೋನ್ ಹಿಡಿದು ಮಧ್ಯಾಹ್ನ ಹೊರಗೆ ಬನ್ನಿ. ಬಿಸಿಲಿಗೆ ನಿಂತು ಓದಿ. ಕೋಣೆಯೊಳಗೆ ನಾಜೂಕಾಗಿ ಕಂಡ ತಿಳಿಬೂದು ಅಕ್ಷರ ಬಳ್ಳಾರಿಯ ಬಿಸಿಲಿನಲ್ಲಿ ಮಾಯವಾಗುತ್ತದೆ. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ವ್ಯತ್ಯಾಸ ಇರಬೇಕೆಂದು ವೆಬ್ ಎಲ್ಲರಿಗೂ ಓದಸಿಗಲು ಮಾಡಿದ ಡಬ್ಲ್ಯುಸಿಎಜಿ ಮಾರ್ಗಸೂಚಿ ಹೇಳುತ್ತದೆ. ಎಪಿಎಂಸಿಯ ಅಂಗಳದಲ್ಲಿ ನಿಂತು ದರ ನೋಡುವ ರೈತರಿಗೆ 7ಕ್ಕೆ 1 ಕೊಟ್ಟರೂ ಹೆಚ್ಚಲ್ಲ. ಕ್ರೋಮ್‌ನ ಡೆವ್‌ಟೂಲ್ಸ್‌ನಲ್ಲಿ ಬಣ್ಣದ ಚೌಕ ಒತ್ತಿದರೆ ಈ ಅಂಕಿ ಕಾಣುತ್ತದೆ.

ಚಿತ್ರದ ತೂಕವನ್ನೂ ಇಲ್ಲೇ ನೋಡಬೇಕು. 4 ಎಂಬಿಯ ಒಂದು ಫೋಟೊ ಎಂದರೆ 32 ಮೆಗಾಬಿಟ್. ಸೆಕೆಂಡಿಗೆ 2 ಮೆಗಾಬಿಟ್ ಬರುವ ಹಳ್ಳಿಯಲ್ಲಿ ಅದೊಂದಕ್ಕೇ 16 ಸೆಕೆಂಡ್ ಹಿಡಿಯುತ್ತದೆ. 360 ಪಿಕ್ಸೆಲ್ ಅಗಲದ ಪರದೆಗೆ ಮೂರು ಪಟ್ಟು ಸಾಂದ್ರತೆ ಹಿಡಿದರೂ 1080 ಪಿಕ್ಸೆಲ್ ಅಗಲ ಸಾಕು. ಸ್ಕ್ವೂಶ್ (Squoosh) ಎಂಬ ಉಚಿತ ಸೈಟಿನಲ್ಲಿ ಅಷ್ಟಕ್ಕೆ ಕುಗ್ಗಿಸಿ, ವೆಬ್‌ಪಿ ರೂಪದಲ್ಲಿ ಗುಣಮಟ್ಟ 75 ಇಟ್ಟರೆ ಸಾಮಾನ್ಯ ಫೋಟೊ 100–200 ಕೆಬಿಗೆ ಇಳಿಯುತ್ತದೆ. ಎಚ್‌ಟಿಎಂಎಲ್‌ನಲ್ಲಿ ಚಿತ್ರದ ಅಗಲ, ಎತ್ತರ ಎರಡನ್ನೂ ಬರೆಯಿರಿ. ಬರೆಯದಿದ್ದರೆ ಚಿತ್ರ ಬಂದು ಕೂತಾಗ ಬರಹ ಕೆಳಗೆ ಜಿಗಿದು, ಒತ್ತಲು ಹೋದ ಬಟನ್ ಬೆರಳಿನಿಂದ ತಪ್ಪಿಸಿಕೊಳ್ಳುತ್ತದೆ.

ಕೆಲಸ ಕಳೆದುಹೋಗದಂತೆ

ವಿಎಸ್ ಕೋಡಿನಲ್ಲಿ ಆಟೊ ಸೇವ್ ಆನ್ ಮಾಡಿ, ಆಫ್ಟರ್ ಡಿಲೇ ಆಯ್ದರೆ ಟೈಪ್ ನಿಲ್ಲಿಸಿದ ಒಂದು ಸೆಕೆಂಡಿಗೆ ಫೈಲು ಉಳಿಯುತ್ತದೆ. ಕರೆಂಟು ಹೋದರೂ ನಷ್ಟ ಒಂದು ಸಾಲಿನಷ್ಟು. ಕೋಡಿನ ಪ್ರತಿ ಬದಲಾವಣೆಯ ದಾಖಲೆ ಇಡುವ ಗಿಟ್ ಕಲಿಯಿರಿ, ದಿನಕ್ಕೆ ಎರಡು ಸಲವಾದರೂ ಕಮಿಟ್ ಮಾಡಿ (ಆ ಹೊತ್ತಿನ ಸ್ಥಿತಿ ದಾಖಲಿಸಿ), ಸಂಜೆ ಒಮ್ಮೆ ಆನ್‌ಲೈನ್ ಇರುವ ಗಿಟ್‌ಹಬ್ಬಿಗೆ ಪುಶ್ ಮಾಡಿ (ಕಳಿಸಿ). ಪಾಸ್‌ವರ್ಡ್ ಇರುವ ಫೈಲುಗಳನ್ನು ಗಿಟ್‌ಇಗ್ನೋರ್ ಪಟ್ಟಿಗೆ ಮೊದಲ ದಿನವೇ ಸೇರಿಸಿ. ಒಮ್ಮೆ ಪುಶ್ ಆದ ಪಾಸ್‌ವರ್ಡನ್ನು ಆಮೇಲೆ ಅಳಿಸಿದರೂ ಹಳೆಯ ಕಮಿಟ್ಟಿನಲ್ಲಿ ಉಳಿದಿರುತ್ತದೆ, ಬದಲಾಯಿಸುವುದೊಂದೇ ದಾರಿ.

ವರ್ಡ್‌ಪ್ರೆಸ್ ಸೈಟಾದರೆ ಗಿಟ್ ಸಾಲದು. ಲೇಖನಗಳು ಡೇಟಾಬೇಸಿನಲ್ಲಿವೆ, ಚಿತ್ರಗಳು ಅಪ್‌ಲೋಡ್ಸ್ ಫೋಲ್ಡರಿನಲ್ಲಿವೆ, ಎರಡನ್ನೂ ಬೇರೆಯಾಗಿ ಇಳಿಸಿಕೊಳ್ಳಬೇಕು. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯಿಂದ ಹೊರಗೆ, ಇದು ಹಳೆಯ ನಿಯಮ, ಈಗಲೂ ಸರಿಯಾದದ್ದು. ಹೊರಗಿನ ಹಾರ್ಡ್‌ಡಿಸ್ಕನ್ನು ಪ್ರತಿ ತೆಗೆಯುವ ಹೊತ್ತಿಗೆ ಮಾತ್ರ ಚುಚ್ಚಿ. ಸದಾ ಚುಚ್ಚಿಟ್ಟರೆ ಗುಡುಗು ಮಳೆಯ ಒಂದು ಸಂಜೆ ಕಂಪ್ಯೂಟರಿನ ಜೊತೆ ಅದೂ ಹೋಗುತ್ತದೆ. ಮೇ ತಿಂಗಳ ಅಡ್ಡಮಳೆಗೆ ಮಿಂಚು ಕಂಡೊಡನೆ ಕಂಪ್ಯೂಟರ್, ರೂಟರ್ ಎರಡರ ಪ್ಲಗ್ಗನ್ನೂ ಕೀಳಿ. ಸ್ವಿಚ್ ಆರಿಸಿದರೆ ಸಾಲದು, ಸಿಡಿಲಿನ ವೋಲ್ಟೇಜು ಸ್ವಿಚ್ಚಿನ ಸಂದನ್ನು ದಾಟುತ್ತದೆ.

ಪ್ರತಿ ತೆಗೆದಿಟ್ಟದ್ದು ಕೆಲಸಕ್ಕೆ ಬರುತ್ತದೋ ಇಲ್ಲವೋ ಗೊತ್ತಾಗುವುದು ಮರಳಿ ಹಾಕಿ ನೋಡಿದಾಗ. ಮೂರು ತಿಂಗಳಿಗೊಮ್ಮೆ ನಿಮ್ಮ ಕಂಪ್ಯೂಟರಿನಲ್ಲೇ ಸರ್ವರ್ ನಡೆಸಲು ಬಿಡುವ ಎಕ್ಸ್‌ಎಎಂಪಿಪಿ (XAMPP) ಮೇಲೆ ಒಂದು ಖಾಲಿ ವರ್ಡ್‌ಪ್ರೆಸ್ ಎಬ್ಬಿಸಿ. ಹಳೆಯ ಡೇಟಾಬೇಸ್ ಫೈಲನ್ನು ಅದಕ್ಕೆ ತುಂಬಿ, ಅಪ್‌ಲೋಡ್ಸ್ ಫೋಲ್ಡರ್ ಸೇರಿಸಿ, ಸೈಟಿನ ವಿಳಾಸವನ್ನು ಲೋಕಲ್‌ಹೋಸ್ಟಿಗೆ ಬದಲಿಸಿ ತೆರೆಯಿರಿ. ಕನ್ನಡ ಲೇಖನವೊಂದನ್ನು ಮೇಲಿನಿಂದ ಕೆಳಗಿನವರೆಗೆ ಓದಿ. ಅಕ್ಷರದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಕಂಡರೆ ಪ್ರತಿ ತೆಗೆಯುವಾಗಲೇ ಅಕ್ಷರ ವ್ಯವಸ್ಥೆ ತಪ್ಪಿದೆ. ಮೂಲ ಸೈಟ್ ಇನ್ನೂ ಸರಿಯಾಗಿರುವಾಗಲೇ ಎಕ್ಸ್‌ಪೋರ್ಟಿನ ಆಯ್ಕೆಯಲ್ಲಿ ಯುಟಿಎಫ್8ಎಂಬಿ4 ಹಾಕಿ ಹೊಸ ಪ್ರತಿ ತೆಗೆದುಕೊಳ್ಳಿ.